ಬಂಗಾರಪೇಟೆಯ ಒಂದು ಸಾಲ ಕಲಿಸುವ ಪಾಠ

ನಮ್ಮ ಕ್ಲಬ್‌ಗಳು ಎನ್‌ಜಿಒಗಳ ಜೊತೆ ಕೈಜೋಡಿಸೋದು ಹೊಸದೇನಲ್ಲ. ಒಂದು ಎಂಒಯು, ಒಂದು ಬ್ಯಾನರ್, ಒಂದು ಗ್ರೂಪ್ ಫೋಟೋ. ಸೀನಿಯರ್ಸ್ ಪಾಸಾಗಿ ಹೋದಮೇಲೆ ಫೋನ್ ನಂಬರ್ ಕೂಡ ಉಳಿಯಲ್ಲ. ಹಾಗಾದ್ರೆ ಉಳಿಯುವ ಪಾಲುದಾರಿಕೆ ಹೇಗಿರುತ್ತೆ? ಕೆಜಿಎಫ್ ಸುತ್ತಮುತ್ತಲ ಹಳ್ಳಿಗಳನ್ನೇ ನೋಡೋಣ.

1968ರಲ್ಲಿ ಶುರುವಾದ ಮೈರಾಡ ಸಂಸ್ಥೆ ಬಂಗಾರಪೇಟೆ ಕಡೆಯ ಕಾಮಸಮುದ್ರದಲ್ಲೂ ಕೆಲಸ ಮಾಡಿತು. 1980ರ ದಶಕದ ಮಧ್ಯದಲ್ಲಿ ಅದು ಕಟ್ಟಿದ್ದ ಕೆಲವು ದೊಡ್ಡ ಸಹಕಾರ ಸಂಘಗಳು ಒಡೆದವು. ಒಬ್ಬರನ್ನೊಬ್ಬರು ನಂಬುವ ಜನ ಸಣ್ಣ ಗುಂಪುಗಳಾಗಿ ಕೂತು ಉಳಿತಾಯ ಮಾಡಿ, ತಮ್ಮೊಳಗೇ ಸಾಲ ಕೊಡೋಕೆ ಶುರುಮಾಡಿದರು. 1987ರಲ್ಲಿ ನಬಾರ್ಡ್ ಇಂಥ ಗುಂಪುಗಳಿಗಾಗಿ ಮೈರಾಡಕ್ಕೆ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು.

ಬ್ಯಾಂಕಿಗೆ ಮಾತ್ರ ಕಷ್ಟ: ಗುಂಪಿಗೆ ನೋಂದಣಿ ಇಲ್ಲ, ಅಡಮಾನಕ್ಕೆ ಆಸ್ತಿ ಇಲ್ಲ. 1991ರಲ್ಲಿ ರಿಸರ್ವ್ ಬ್ಯಾಂಕ್ ದಾರಿ ತೆರೆಯಿತು. ಅದೇ ಡಿಸೆಂಬರ್‌ನಲ್ಲಿ ವೈಶ್ಯ ಬ್ಯಾಂಕಿನ ಬಂಗಾರಪೇಟೆ ಶಾಖೆ ಮುದುಗುಳಿಯ ಮಹಿಳಾ ಸಂಘಕ್ಕೆ ಸಾಲ ಕೊಟ್ಟಿತು. 1992ರ ಜನವರಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಆಂಡರ್ಸನ್‌ಪೇಟೆ ಶಾಖೆ ಬೋಡಗುರ್ಕಿಯ ಸಂಘಕ್ಕೆ ಕೊಟ್ಟಿತು. ಮರುತಿಂಗಳೇ ನಬಾರ್ಡ್ 500 ಗುಂಪುಗಳ ಪೈಲಟ್ ಯೋಜನೆ ಘೋಷಿಸಿತು. ಇವತ್ತು ದೇಶದ ಉದ್ದಗಲಕ್ಕೂ ಇರುವ ಸ್ವಸಹಾಯ ಸಂಘ–ಬ್ಯಾಂಕ್ ಜೋಡಣೆ ಬೆಳೆದದ್ದು ಹೀಗೆ.

ಇದರಲ್ಲಿ ನಾವು ಗಮನಿಸಬೇಕಾದ್ದು ಮೂರು.

ಒಂದು, ಕೆಲಸ ಹಂಚಿಕೆ. ಮೈರಾಡ ತರಬೇತಿ ಕೊಟ್ಟಿತು, ಬ್ಯಾಂಕ್ ಹಣ ಕೊಟ್ಟಿತು, ಆ ಹಣ ಯಾರಿಗೆ ಅಂತ ತೀರ್ಮಾನಿಸಿದ್ದು ಸಂಘ. ಒಬ್ಬರ ಕೆಲಸ ಇನ್ನೊಬ್ಬರು ಕಿತ್ಕೊಳ್ಳಲಿಲ್ಲ.

ಎರಡು, ಮೊದಲು ಉಳಿತಾಯ, ಆಮೇಲೆ ಸಾಲ. ಸಂಘದ ಲೆಕ್ಕದ ಪುಸ್ತಕ ನೋಡಿದರೆ ಬ್ಯಾಂಕಿಗೆ ನಂಬಿಕೆ ಬರುತ್ತಿತ್ತು.

ಮೂರು, ಒಬ್ಬರ ಮೇಲೇ ಭಾರ ಬೀಳಲಿಲ್ಲ. ವೈಶ್ಯ ಬ್ಯಾಂಕ್ ಮುಂದೆ ಐಎನ್‌ಜಿ ವೈಶ್ಯ ಆಗಿ 2015ರಲ್ಲಿ ಕೋಟಕ್ ಜೊತೆ ವಿಲೀನವಾಯ್ತು, ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಯೂನಿಯನ್ ಬ್ಯಾಂಕ್ ಸೇರಿತು. ಹೆಸರು ಹೋದರೂ ಪದ್ಧತಿ ಉಳೀತು. ಪಕ್ಕದ ಕೆಜಿಎಫ್ ಕಥೆ ಬೇರೆ. ಕೆಲಸ, ಕ್ವಾರ್ಟರ್ಸ್, ಆಸ್ಪತ್ರೆ ಎಲ್ಲಕ್ಕೂ ಊರು ಗಣಿ ಕಂಪನಿಯೊಂದನ್ನೇ ನೆಚ್ಚಿತ್ತು. 2001ರ ಫೆಬ್ರವರಿ 28ರಂದು ಬಿಜಿಎಂಎಲ್ ಗಣಿ ಮುಚ್ಚಿದಾಗ ಎಲ್ಲವೂ ಒಟ್ಟಿಗೇ ಅಲುಗಾಡಿತು.

ಹಾಗಾಗಿ ಮುಂದಿನ ಎಂಒಯುಗೆ ಸಹಿ ಹಾಕೋ ಮುಂಚೆ ಮೂರು ಪ್ರಶ್ನೆ ಕೇಳೋಣ: ಯಾವ ಕೆಲಸ ಯಾರದ್ದು? ಲೆಕ್ಕದ ಪುಸ್ತಕ ಯಾರ ಹತ್ರ ಇರುತ್ತೆ? ಮುಂದಿನ ವರ್ಷ ನಾವಿಲ್ಲದಿದ್ರೆ ಯಾರು ನಡೆಸ್ತಾರೆ?