ಹಸ್ತಪ್ರತಿ ಕಳಿಸಲು ಯಾವ ತಿಂಗಳು ಒಳ್ಳೆಯದು?

ಪ್ರಶ್ನೆ: ಇಂಗ್ಲಿಷಿನಲ್ಲಿ ಒಂದು ಕಾದಂಬರಿ ಬರೆಯುತ್ತಿದ್ದೇನೆ, ಮುಗಿಯುತ್ತಾ ಬಂದಿದೆ. ಲಂಡನ್ನಿನ ಲಿಟರರಿ ಏಜೆಂಟರಿಗೆ ಕಳಿಸುವ ಆಸೆ. ಆಗಸ್ಟ್, ಡಿಸೆಂಬರ್ ತಿಂಗಳಲ್ಲಿ ಕಳಿಸಿದರೆ ಯಾರೂ ಓದುವುದಿಲ್ಲ ಎನ್ನುತ್ತಾರೆ, ನಿಜವೇ? ಜೊತೆಯಲ್ಲೇ ಪ್ರಕಾಶಕರಿಗೂ ಕಳಿಸಬಹುದೇ?

ಉತ್ತರ: ಇಂಥದ್ದನ್ನು ಹೆಚ್ಚಿನವರು ಕಳಿಸಿಯಾದ ಮೇಲೆ ಕೇಳುತ್ತಾರೆ. ನೀವು ಮೊದಲೇ ಕೇಳಿದ್ದು ಸಂತೋಷ. ನಿಮ್ಮ ಪತ್ರದಲ್ಲಿ ಎರಡು ಅನುಮಾನಗಳಿವೆ: ಯಾವಾಗ ಕಳಿಸಬೇಕು, ಯಾರಿಗೆ ಮೊದಲು ಕಳಿಸಬೇಕು. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡದು.

ತಿಂಗಳ ಮಾತು ಪೂರ್ತಿ ಸುಳ್ಳಲ್ಲ. ಆಗಸ್ಟಿನಲ್ಲಿ ಅಲ್ಲಿನವರು ಬೇಸಿಗೆ ರಜೆಯ ಮೇಲಿರುತ್ತಾರೆ. ಕ್ರಿಸ್‌ಮಸ್ಸಿನಿಂದ ಹೊಸ ವರ್ಷದವರೆಗೆ ಕಚೇರಿಗಳೇ ಮುಚ್ಚಿರುತ್ತವೆ. ಮಾರ್ಚ್ ಹೊತ್ತಿಗೆ ಲಂಡನ್ ಪುಸ್ತಕ ಮೇಳ, ಅಕ್ಟೋಬರಿನಲ್ಲಿ ಫ್ರಾಂಕ್‌ಫರ್ಟ್ ಮೇಳ. ಆ ದಿನಗಳಲ್ಲಿ ಏಜೆಂಟರು ಬೆಳಗಿನಿಂದ ಸಂಜೆಯವರೆಗೆ ಅರ್ಧರ್ಧ ಗಂಟೆಗೊಬ್ಬರಂತೆ ಹೊರದೇಶದ ಪ್ರಕಾಶಕರನ್ನು ಕಂಡು ಹಕ್ಕುಗಳ ವ್ಯವಹಾರ ನಡೆಸುತ್ತಿರುತ್ತಾರೆ. ಹೊಸಬರ ಪತ್ರ ಓದಲು ಪುರುಸೊತ್ತು ಇರುವುದಿಲ್ಲ. ಆದರೆ ನಿಮ್ಮ ಇಮೇಲ್ ಸಾಲಿನಲ್ಲಿ ಕಾಯುತ್ತದೆ, ಅಷ್ಟೇ. ಉತ್ತರ ತಿಂಗಳೊಪ್ಪತ್ತು ತಡವಾಗಬಹುದು. ಸೋಮವಾರ ಕಳಿಸಬೇಕೋ ಬುಧವಾರವೋ ಎಂಬ ಲೆಕ್ಕ ಬಿಟ್ಟುಬಿಡಿ. ಹಲವು ಏಜೆಂಟರು ನಡುನಡುವೆ ಹೊಸ ಹಸ್ತಪ್ರತಿ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತಾರೆ. ಅವರ ಜಾಲತಾಣದಲ್ಲಿ ಅದನ್ನು ನೋಡಿಕೊಂಡು ಕಳಿಸಿ.

‘ಮುಗಿಯುತ್ತಾ ಬಂದಿದೆ’ ಎಂದು ಬರೆದಿದ್ದೀರಿ. ಮುಗಿಯಲಿ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಮೊದಲ ಮೂರು ಅಧ್ಯಾಯ, ಕಥಾಸಾರಾಂಶ ಮತ್ತು ಒಂದು ಪತ್ರ ಕೇಳುತ್ತಾರೆ. ಅದನ್ನು ನೋಡಿದ ಅನೇಕರು, ಮೂರೇ ಅಧ್ಯಾಯ ಸಾಕಲ್ಲ, ಉಳಿದದ್ದನ್ನು ಆಮೇಲೆ ಬರೆದರಾಯಿತು ಎಂದುಕೊಳ್ಳುತ್ತಾರೆ. ಹಾಗೆ ಅನ್ನಿಸುವುದು ಸಹಜ. ಆದರೆ ಆ ಮೂರು ಅಧ್ಯಾಯ ಹಿಡಿಸಿದರೆ ಮರುದಿನವೇ ಪೂರ್ತಿ ಪ್ರತಿ ಕೇಳಬಹುದು. ಆಗ ಕೊಡಲು ಕೈಯಲ್ಲಿ ಇರಬೇಕು. ಪ್ರಸ್ತಾವನೆಯ ಮೇಲೆ ಒಪ್ಪಂದವಾಗುವುದು ಹೆಚ್ಚಾಗಿ ಕಥೇತರ ಪುಸ್ತಕಗಳಿಗೆ, ಹೊಸಬರ ಕಾದಂಬರಿಗಲ್ಲ.

ಇನ್ನು ಯಾರಿಗೆ ಮೊದಲು? ಏಜೆಂಟರಿಗೆ. ಅಲ್ಲಿನ ದೊಡ್ಡ ಪ್ರಕಾಶನ ಸಂಸ್ಥೆಗಳು ಬಹುಪಾಲು ಏಜೆಂಟರ ಮೂಲಕ ಬಂದ ಕಾದಂಬರಿಯನ್ನೇ ನೋಡುವುದು. ನೇರವಾಗಿ ಸ್ವೀಕರಿಸುವ ಸಣ್ಣ ಪ್ರಕಾಶಕರಿಗೆ ಅವಸರದಲ್ಲಿ ಕಳಿಸಿ ಹತ್ತು ಕಡೆ ‘ಬೇಡ’ ಅನ್ನಿಸಿಕೊಂಡರೆ, ನಾಳೆ ಏಜೆಂಟ್ ಸಿಕ್ಕರೂ ಅವರು ಹೋಗಬೇಕಾದ ಬಾಗಿಲುಗಳು ಅಷ್ಟು ಕಡಿಮೆಯಾಗುತ್ತವೆ. ಒಮ್ಮೆ ತಿರಸ್ಕರಿಸಿದ್ದನ್ನು ಸಂಪಾದಕರು ಮತ್ತೆ ಓದುವುದು ಅಪರೂಪ.

ಏಜೆಂಟರಿಗೆ ಒಬ್ಬೊಬ್ಬರಾಗಿ ಕಳಿಸುತ್ತಾ ಕೂರಬೇಕಿಲ್ಲ. ಏಳೆಂಟು ಮಂದಿಗೆ ಒಟ್ಟಿಗೆ ಕಳಿಸಬಹುದು, ತಪ್ಪೆಂದು ಯಾರೂ ಎಣಿಸುವುದಿಲ್ಲ. ಒಂದೇ ಏಜೆನ್ಸಿಯ ಇಬ್ಬರಿಗೆ ಏಕಕಾಲಕ್ಕೆ ಮಾತ್ರ ಬೇಡ. ಆದರೆ ಪಟ್ಟಿಯಲ್ಲಿರುವ ಎಲ್ಲರಿಗೂ ಒಂದೇ ದಿನ ಕಳಿಸಬೇಡಿ. ಮೊದಲ ಸುತ್ತಿನಲ್ಲಿ ಎಲ್ಲರೂ ಮೌನವಾಗಿದ್ದರೆ ಪತ್ರದಲ್ಲೋ ಆರಂಭದ ಪುಟಗಳಲ್ಲೋ ಕೊರತೆಯಿದೆ ಎಂದರ್ಥ, ತಿದ್ದಿ ಎರಡನೇ ಸುತ್ತಿಗೆ ಕಳಿಸಲು ಕೆಲವರಾದರೂ ಉಳಿದಿರಬೇಕು. ಎರಡು ಮೂರು ತಿಂಗಳು ಕಾಯುವುದು ಮಾಮೂಲು. ಓದುವುದಕ್ಕೇ ಶುಲ್ಕ ಕೇಳುವವರ ಸಹವಾಸ ಬೇಡ. ಏಜೆಂಟರಿಗೆ ಸಿಗುವುದು ನಿಮ್ಮ ಗಳಿಕೆಯಲ್ಲಿ ಪಾಲು, ಸಾಮಾನ್ಯವಾಗಿ ಶೇ. 15.

ಒಪ್ಪಂದವಾದ ಮೇಲೂ ಪುಸ್ತಕ ಹೊರಬರಲು ಒಂದರಿಂದ ಎರಡು ವರ್ಷ ಬೇಕು. ಹಾಗಾಗಿ ಈ ವರ್ಷ ಯಾವ ಬಗೆಯ ಕಥೆ ಓಡುತ್ತಿದೆ ಎಂದು ನೋಡಿ ಬರೆಯುವುದರಲ್ಲಿ ಪ್ರಯೋಜನ ಕಡಿಮೆ.

ಕನ್ನಡದಲ್ಲಿ ಬರೆದಿದ್ದರೆ ಈ ಸುತ್ತೆಲ್ಲ ಇರುತ್ತಿರಲಿಲ್ಲ. ನಮ್ಮಲ್ಲಿ ಏಜೆಂಟರ ಪದ್ಧತಿ ಬೇರೂರಿಲ್ಲ, ಲೇಖಕರೇ ಪ್ರಕಾಶಕರಿಗೆ ಫೋನು ಮಾಡಿ ಮಾತಾಡುತ್ತಾರೆ. ನವೆಂಬರಿನ ರಾಜ್ಯೋತ್ಸವದ ಹೊತ್ತಿಗೆ ಪುಸ್ತಕ ಬರಬೇಕೆಂದು ಎಲ್ಲರೂ ಬಯಸುವುದರಿಂದ, ಅದಕ್ಕೆ ಸಾಕಷ್ಟು ಮೊದಲೇ ಪ್ರತಿ ತಲುಪಿಸುವುದು ಮೇಲು.

ನೀವೀಗ ಮಾಡಬೇಕಾದದ್ದು ಇಷ್ಟು: ಕಾದಂಬರಿ ಮುಗಿಸಿ, ತಿದ್ದಿ, ಯಾರಿಗೆ ಯಾವ ದಿನ ಏನು ಕಳಿಸಿದಿರಿ ಎಂದು ಬರೆದಿಡಲು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಒಬ್ಬರು ಒಪ್ಪಿದ ದಿನವೇ ಉಳಿದವರಿಗೆ ತಿಳಿಸಬೇಕಾಗುತ್ತದೆ, ಆಗ ಅದು ಬೇಕು.