ಸಣ್ಣ ಗಾಯ, ದೊಡ್ಡ ಬಿಲ್ಲು

"ಹೊಟ್ಟೆ ಸಣ್ಣದಾಗಿ ಕೊಯ್ದರೆ ಬಿಲ್ಲು ಯಾಕೋ ದೊಡ್ಡದಾಗುತ್ತೆ?"

ಮೈಸೂರಿನ ಕುವೆಂಪುನಗರದ ಮನೆಯಲ್ಲಿ ಎರಡು ಎಸ್ಟಿಮೇಟ್ ಮುಂದಿಟ್ಟುಕೊಂಡು ಅಕ್ಕ ಕೇಳಿದ ಪ್ರಶ್ನೆ ಇದು. ಈ ಅಂಕಣಕಾರನ ಭಾವನಿಗೆ ಲಿವರಿನ ಎಡಭಾಗದಲ್ಲಿ ಗಡ್ಡೆ. ಒಂದು ಹಾಳೆ ಹೊಟ್ಟೆ ತೆರೆದು ಮಾಡುವ ಆಪರೇಷನ್ನಿನದು, ಇನ್ನೊಂದು ಲ್ಯಾಪ್ರೋಸ್ಕೋಪಿಯದು. ಎರಡನೆಯದರ ಮೊತ್ತ ಕಣ್ಣಿಗೆ ರಾಚುವಷ್ಟು ಹೆಚ್ಚು.

ಒಂದೊಂದೇ ಸಾಲು ಓದುತ್ತ ಹೋದಾಗ ಗುಟ್ಟು ರಟ್ಟಾಯಿತು. ಲಿವರ್ ರಕ್ತ ತುಂಬಿದ ಅಂಗ. ಹೊಟ್ಟೆ ತೆರೆದಿದ್ದರೆ ಸರ್ಜನ್ ಕೈಯಲ್ಲೇ ಒತ್ತಿ ಹಿಡಿದು, ದಾರ ಕಟ್ಟಿ ರಕ್ತನಾಳ ಮುಚ್ಚಬಹುದು. ನಾಲ್ಕೈದು ರಂಧ್ರಗಳೊಳಗಿಂದ ಅದೇ ಕೆಲಸವಾಗಬೇಕಾದರೆ ದುಬಾರಿ ಕತ್ತರಿಸುವ ಉಪಕರಣ, ಸ್ಟೇಪ್ಲರ್ ಬೇಕು. ಸ್ಟೇಪ್ಲರಿನ ಕಾರ್ಟ್ರಿಜ್ ಒಂದು ಸಲ ಹೊಡೆದರೆ ಮುಗಿಯಿತು, ಮತ್ತೆ ಹೊಡೆಯಲು ಹೊಸದು. ಎಸ್ಟಿಮೇಟಿನಲ್ಲಿ ಅದರ ಮುಂದೆ 'ಬಳಸಿದಷ್ಟಕ್ಕೆ' ಎಂದಷ್ಟೇ ಬರೆದಿತ್ತು. ತೆರೆದ ಆಪರೇಷನ್ನಿನ ಹಾಳೆಯಲ್ಲಿ ಥಿಯೇಟರ್ ಖರ್ಚು ಕಡಿಮೆ, ವಾರ್ಡಿನ ದಿನಗಳು ಹೆಚ್ಚು.

ನಾರ್ವೆಯ ಓಸ್ಲೋದಲ್ಲಿ ಇದನ್ನೇ ಅಳೆದು ನೋಡಿದ್ದಾರೆ. ಕರುಳಿನ ಕ್ಯಾನ್ಸರ್ ಲಿವರಿಗೆ ಹರಡಿದ್ದ 280 ರೋಗಿಗಳನ್ನು ಎರಡು ಗುಂಪು ಮಾಡಿದ ಆ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಲ್ಯಾಪ್ರೋಸ್ಕೋಪಿಯವರು ಆಪರೇಷನ್ ನಂತರ ಆಸ್ಪತ್ರೆಯಲ್ಲಿದ್ದದ್ದು 53 ಗಂಟೆ, ಉಳಿದವರು 96 ಗಂಟೆ. ತೊಡಕುಗಳು ಶೇ 19 ಮತ್ತು ಶೇ 31. ನಾಲ್ಕು ತಿಂಗಳ ಒಟ್ಟು ಖರ್ಚು ಎರಡೂ ಕಡೆ ಸಮ. ಆದರೆ ಅಲ್ಲಿ ಬಿಲ್ಲು ಕಟ್ಟುವುದು ಸರ್ಕಾರ. ಇಲ್ಲಿ ಉಪಕರಣದ ದುಡ್ಡು ಯಾರದು, ಮಂಚದ ದುಡ್ಡು ಯಾರದು ಎಂಬುದೇ ಮುಖ್ಯ.

ಭಾವನದು ದೇವರಾಜ ಅರಸು ರಸ್ತೆಯಲ್ಲಿ ಅಂಗಡಿ. ಹೊಟ್ಟೆ ಅಗಲಕ್ಕೆ ಕೊಯ್ದರೆ ಸಾಮಾನ್ಯವಾಗಿ ಆರೆಂಟು ವಾರ ಭಾರ ಎತ್ತುವಂತಿಲ್ಲ. ಬಾಗಿಲು ಹಾಕಿದರೂ ಬಾಡಿಗೆ, ಹುಡುಗರ ಸಂಬಳ ನಿಲ್ಲುವುದಿಲ್ಲ. ಅಕ್ಕ ಲೆಕ್ಕದ ಪುಸ್ತಕ ತಂದು ಆ ವಾರಗಳ ವ್ಯಾಪಾರ ಕೂಡಿಸಿದ ಮೇಲೆ ಎರಡು ಹಾಳೆಗಳ ನಡುವಿನ ಅಂತರ ಬಹುಪಾಲು ಕರಗಿತು. ಸಂಬಳ ಸಹಿತ ರಜೆ ಇರುವ ನೌಕರರಿಗೆ ಈ ಲೆಕ್ಕ ಬೇರೆಯೇ.

ಇನ್ನು ವಿಮೆ. ಐದು ಲಕ್ಷದ ಪಾಲಿಸಿಯಲ್ಲಿ ಕೊಠಡಿ ಬಾಡಿಗೆಗೆ ಶೇ 1ರ ಮಿತಿ ಇದ್ದರೆ ದಿನಕ್ಕೆ 5,000 ರೂಪಾಯಿ. 8,000ದ ಕೊಠಡಿ ಹಿಡಿದರೆ ಬಾಡಿಗೆಯ ಹೆಚ್ಚುವರಿಯ ಜತೆಗೆ ಡಾಕ್ಟರ್ ಫೀಸು, ಥಿಯೇಟರ್ ಬಾಡಿಗೆಯೂ ಅದೇ ಪ್ರಮಾಣದಲ್ಲಿ ಕಡಿತವಾಗಬಹುದು: ಎರಡು ಲಕ್ಷಕ್ಕೆ ವಿಮಾ ಕಂಪನಿ ಕೊಡುವುದು 1.25 ಲಕ್ಷ. ಔಷಧಿ, ಸ್ಟೇಪ್ಲರಿನಂಥ ಬಳಕೆ ಸಾಮಗ್ರಿಗೆ ಈ ಪ್ರಮಾಣದ ಕತ್ತರಿ ಹಾಕುವಂತಿಲ್ಲ ಎಂಬುದು 2020ರ ನಿಯಮ. ಹಾಗಾಗಿ ಇಂಥ ಪಾಲಿಸಿಯವರಿಗೆ ಕೊಠಡಿಯ ದಿನಗಳು ಕಡಿಮೆಯಾದಷ್ಟೂ ಲಾಭ. ರೋಬಾಟ್ ಶಸ್ತ್ರಚಿಕಿತ್ಸೆಗೆ ಮಾತ್ರ ಹಲವು ಪಾಲಿಸಿಗಳಲ್ಲಿ ಪ್ರತ್ಯೇಕ ಮಿತಿಯಿದೆ.

ಪಾಲಿಸಿ ಇಲ್ಲದವರು ಮೊದಲು ಸರ್ಕಾರಿ ಕೆ.ಆರ್. ಆಸ್ಪತ್ರೆಯಲ್ಲಿ ವಿಚಾರಿಸುವುದು ಒಳ್ಳೆಯದು. 2018ರಲ್ಲಿ ಶುರುವಾದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ನೆರವು. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ.

ಭಾವ ಲ್ಯಾಪ್ರೋಸ್ಕೋಪಿಯನ್ನೇ ಆರಿಸಿಕೊಂಡರು. ಗಡ್ಡೆ ಇದ್ದದ್ದು ಎಡತುದಿಯಲ್ಲಿ. ಅಷ್ಟು ಭಾಗ ತೆಗೆಯಲು ಲ್ಯಾಪ್ರೋಸ್ಕೋಪಿಯೇ ರೂಢಿಯಾಗಬೇಕೆಂದು 2008ರಲ್ಲೇ ಅಮೆರಿಕದ ಲೂಯಿವಿಲ್‌ನಲ್ಲಿ ಸೇರಿದ್ದ ತಜ್ಞರು ಒಪ್ಪಿದ್ದರು. ಗಡ್ಡೆ ಬಲಗಡೆ ಆಳದಲ್ಲಿದ್ದರೆ ಅಥವಾ ದೊಡ್ಡ ಭಾಗ ತೆಗೆಯುವುದಿದ್ದರೆ ಸರ್ಜನ್ ಮಾತೇ ಅಂತಿಮ. ಅಲ್ಲಿ ಬಿಲ್ಲಿನ ಚೌಕಾಸಿ ಬೇಡ.

ಎಸ್ಟಿಮೇಟಿಗೆ ಸಹಿ ಹಾಕುವ ಮುನ್ನ ನಾಲ್ಕು ವಿಷಯ ಬರಹದಲ್ಲಿ ಕೇಳಿ ಪಡೆಯಿರಿ: ಕಾರ್ಟ್ರಿಜ್ ಒಂದಕ್ಕೆ ಎಷ್ಟು, ಅಂದಾಜು ಎಷ್ಟು ಬೇಕಾದೀತು, ಅರ್ಧದಲ್ಲಿ ಹೊಟ್ಟೆ ತೆರೆಯಬೇಕಾಗಿ ಬಂದರೆ ಬಿಲ್ಲು ಎಷ್ಟಾಗುತ್ತದೆ, ನಿಮ್ಮ ಪಾಲಿಸಿ ಒಪ್ಪುವ ಕೊಠಡಿ ಯಾವುದು.