ಸ್ವರಲಿಪಿ: ಮೊದಲ ಪಾಠ

ಅಜ್ಜಿ ಹಾಡುವ ಶೋಭಾನೆಯ ಮಾತುಗಳನ್ನು ನಾವು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬಹುದು. ಆದರೆ ಅದರ ಧಾಟಿಯನ್ನು? ಅದನ್ನೂ ಬರೆದಿಡುವ ಕ್ರಮವೊಂದುಂಟು. ಅದೇ ಸ್ವರಲಿಪಿ. ಕನ್ನಡ ಓದಬಲ್ಲವರಿಗೆ ಇದಕ್ಕಾಗಿ ಹೊಸ ಅಕ್ಷರಗಳು ಬೇಡ. ಸ ರಿ ಗ ಮ ಪ ದ ನಿ ಎಂಬ ೭ ಅಕ್ಷರಗಳು ಸಾಕು.

ಸ್ವರದ ಎತ್ತರ: ಚುಕ್ಕೆಯಿಲ್ಲದ ಸ್ವರ ಮಧ್ಯಸ್ಥಾಯಿಯದು. ಮೇಲೆ ಚುಕ್ಕೆಯಿದ್ದರೆ ತಾರಸ್ಥಾಯಿ, ಕೆಳಗಿದ್ದರೆ ಮಂದ್ರಸ್ಥಾಯಿ.

ಸ್ವರದ ಕಾಲ: 'ಸ' ಎಂದು ಹ್ರಸ್ವವಾಗಿ ಬರೆದರೆ ೧ ಅಕ್ಷರಕಾಲ, 'ಸಾ' ಎಂದು ದೀರ್ಘವಾಗಿ ಬರೆದರೆ ೨. ಛಂದಸ್ಸಿನಲ್ಲಿ ನೀವು ಕಲಿತ ಮಾತ್ರೆಯ ಲೆಕ್ಕದಂತೆಯೇ ಇದು. ಇನ್ನೂ ೧ ಅಕ್ಷರಕಾಲ ನಿಲ್ಲಬೇಕಾದರೆ ಮುಂದೆ ಅಲ್ಪವಿರಾಮವನ್ನು ಹಾಕುತ್ತಾರೆ.

ತಾಳ: ಆದಿತಾಳದಲ್ಲಿ ೧ ಲಘು, ೨ ದ್ರುತ; ೪+೨+೨, ಒಟ್ಟು ೮ ಅಕ್ಷರಕಾಲ. ಲಘುವಿಗೆ ಒಂದು ಪೆಟ್ಟು, ಮೂರು ಬೆರಳೆಣಿಕೆ. ದ್ರುತಕ್ಕೆ ಒಂದು ಪೆಟ್ಟು, ಒಂದು ಹುಸಿ. ಛಂದಸ್ಸಿನ ಲಘುವೇ ಬೇರೆ, ತಾಳದ ಲಘುವೇ ಬೇರೆ ಎಂಬುದನ್ನು ಮರೆಯಬೇಡಿ. ಪ್ರತಿ ಅಂಗದ ಕೊನೆಗೆ ಒಂದು ಗೆರೆ, ಆವರ್ತದ ಕೊನೆಗೆ ಎರಡು ಗೆರೆ.

ಈ ಸಾಲನ್ನು ಕೈಯಲ್ಲಿ ತಾಳ ಹಾಕಿ ಓದಿರಿ:

ಸಾ ರಿ ಗ | ಪಾ | ಮ ಗ ||

೨+೧+೧, ೨, ೧+೧. ಲೆಕ್ಕ ಸರಿಹೋಯಿತು. 'ಸಾ ರೀ ಗ' ಎಂದು ಬರೆದಿದ್ದರೆ ಲಘುವಿನಲ್ಲಿ ೫ ಆಗಿ ತಾಳ ತಪ್ಪುತ್ತಿತ್ತು. ಬರೆದ ಮೇಲೆ ಹೀಗೆ ಎಣಿಸಿ ನೋಡುವ ಅಭ್ಯಾಸ ಬೇಕು.

ಸಾಲಿನ ಮೇಲೆ ರಾಗದ ಹೆಸರನ್ನೂ ಬರೆಯತಕ್ಕದ್ದು. ಸ, ಪ ಬಿಟ್ಟು ಉಳಿದ ಸ್ವರಗಳಲ್ಲಿ ಭೇದಗಳಿವೆ. ಯಾವುದನ್ನು ಹಾಡಬೇಕೆಂದು ತಿಳಿಯುವುದು ರಾಗದಿಂದ. ಸ್ವರವನ್ನು ಅಲುಗಿಸುವ ಗಮಕವನ್ನಾದರೋ ಗುರುಮುಖದಿಂದಲೇ ಕಲಿಯಬೇಕು.

ಬರವಣಿಗೆಯ ಪ್ರಯೋಜನಕ್ಕೆ ಒಂದು ಉದಾಹರಣೆ ಸಾಕು. ಮುತ್ತುಸ್ವಾಮಿ ದೀಕ್ಷಿತರು ೧೮೩೫ರಲ್ಲಿ ತೀರಿಕೊಂಡರು. ಅವರ ಮನೆತನದ ಸುಬ್ಬರಾಮ ದೀಕ್ಷಿತರು ೧೯೦೪ರಲ್ಲಿ 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯನ್ನು ತೆಲುಗು ಲಿಪಿಯಲ್ಲಿ ಅಚ್ಚು ಹಾಕಿಸಿ, ಅವರ ಅನೇಕ ಕೃತಿಗಳನ್ನು ಸ್ವರ, ಗಮಕಚಿಹ್ನೆಗಳ ಸಮೇತ ಉಳಿಸಿಕೊಟ್ಟರು. ಇಂದಿಗೂ ಸಂಗೀತಗಾರರು ಆ ಗ್ರಂಥವನ್ನು ತೆರೆದು ನೋಡುತ್ತಾರೆ.

ನಮ್ಮ ಗಡಿನಾಡಿನ ಮನೆಗಳಲ್ಲಿ ಹಿರಿಯರೊಬ್ಬರಿಗೆ ಮಾತ್ರ ಬರುವ ಹಾಡುಗಳು ಇನ್ನೂ ಇವೆ. ವಿದ್ಯಾರ್ಥಿಗಳೇ, ಈ ರಜೆಯಲ್ಲಿ ಅಂಥ ಒಂದು ಜೋಗುಳದ ಒಂದೇ ಸಾಲನ್ನು ಕೇಳಿ, ತಾಳವೆಣಿಸಿ, ಸ್ವರ ಹಾಕಲು ಪ್ರಯತ್ನಿಸಿರಿ. ಸಂಗೀತ ಬಲ್ಲವರಿಗೆ ತೋರಿಸಿ ತಿದ್ದಿಸಿಕೊಳ್ಳಿರಿ. ತಂದೆತಾಯಿಗಳು ಮಕ್ಕಳನ್ನು ಅಜ್ಜಿಯ ಬಳಿ ಒಂದು ಗಂಟೆ ಕುಳ್ಳಿರಿಸಿದರೆ ಆ ಕೆಲಸ ಅರ್ಧ ಮುಗಿದಂತೆ.